ಕ್ರೇನ್ ಎದ್ದ ಊರಲ್ಲಿ ಬಾಡಿಗೆ ಇಳಿಯಿತು

ಅಮೆರಿಕದಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಫೋನ್ ಮಾಡಿ, ಬೇರೆ ಊರಿನಲ್ಲಿ ಹೊಸ ಕೆಲಸ ಸಿಕ್ಕಿದೆ ಎಂದರೆ ಊರಿನಲ್ಲಿ ಮನೆಯವರ ಮೊದಲ ಪ್ರಶ್ನೆ ಸಂಬಳದ್ದು. ಎಷ್ಟು ಹೆಚ್ಚಾಯಿತು, ರೂಪಾಯಿ ಲೆಕ್ಕದಲ್ಲಿ ಎಷ್ಟಾಯಿತು? ಇಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವ ನಮ್ಮಂಥವರ ಮೊದಲ ಪ್ರಶ್ನೆ ಬೇರೆ. ಹೋಗುತ್ತಿರುವುದು ಯಾವ ಊರಿಗೆ, ಅಲ್ಲಿ ಎರಡು ಮೂರು ವರ್ಷಗಳ ಹಿಂದೆ ಎಷ್ಟು ಅಪಾರ್ಟ್‌ಮೆಂಟ್‌ಗಳಿಗೆ ಪಾಯ ತೆಗೆದಿದ್ದರು? ಕೇಳಲು ವಿಚಿತ್ರ ಎನಿಸಬಹುದು. ಆದರೆ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ, ಊರಿಗೆ ಎಷ್ಟು ಕಳಿಸಬಹುದು, ಅಪ್ಪ ಅಮ್ಮ ಬಂದರೆ ಮಲಗಲು ಇನ್ನೊಂದು ಕೋಣೆ ಇರುತ್ತದೆಯೇ ಎಂಬುದು ಸಂಬಳದಷ್ಟೇ ಆ ಪಾಯಗಳ ಮೇಲೂ ನಿಂತಿದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಎಂದರೆ ಬಿಲ್ಡರ್ ಕಟ್ಟಿ, ಒಂದೊಂದು ಫ್ಲ್ಯಾಟನ್ನು ಒಬ್ಬೊಬ್ಬರಿಗೆ ಮಾರುವ ಕಟ್ಟಡ. ಅಮೆರಿಕದಲ್ಲಿ ಹಾಗೆ ಮಾರುವುದನ್ನು ಕಾಂಡೊ ಎನ್ನುತ್ತಾರೆ. ಅಪಾರ್ಟ್‌ಮೆಂಟ್ ಎಂದರೆ ಸಾಮಾನ್ಯವಾಗಿ ಇನ್ನೂರು ಮುನ್ನೂರು ಮನೆಗಳ ಇಡೀ ಸಮುಚ್ಚಯಕ್ಕೆ ಒಬ್ಬನೇ ಮಾಲೀಕ. ಹೆಚ್ಚಾಗಿ ಅದೊಂದು ಹೂಡಿಕೆ ಕಂಪನಿ. ಎಲ್ಲ ಮನೆಯೂ ಬಾಡಿಗೆಗೆ. ಮಾಲೀಕರ ಮನೆಗೆ ಹೋಗಿ ‘ಸ್ವಲ್ಪ ನೋಡ್ಕೊಂಡು ಮಾಡಿ ಸಾರ್’ ಎಂದು ಚೌಕಾಸಿ ಮಾಡುವ ಮಾತಿಲ್ಲ. ಕಚೇರಿಯಲ್ಲಿ ಕೂತ ಲೀಸಿಂಗ್ ಏಜೆಂಟ್, ಅವರ ಎದುರು ಒಂದು ಕಂಪ್ಯೂಟರ್, ಅದರಲ್ಲಿ ದಿನದಿನಕ್ಕೂ ಬದಲಾಗುವ ದರ. ಖಾಲಿ ಮನೆ ಹೆಚ್ಚಿದ್ದರೆ ದರ ಇಳಿಯುತ್ತದೆ, ಕಡಿಮೆ ಇದ್ದರೆ ಏರುತ್ತದೆ, ವಿಮಾನದ ಟಿಕೆಟ್ ಇದ್ದ ಹಾಗೆ. ಇಲ್ಲಿ ಲೀಸ್ ಎಂದರೆ ನಮ್ಮೂರಿನ ಭೋಗ್ಯವೂ ಅಲ್ಲ, ತಿಂಗಳ ಬಾಡಿಗೆಯ ಕರಾರು ಅಷ್ಟೇ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಶಿಕ್ಷೆ ಇಲ್ಲಿಲ್ಲ ಎನ್ನುವುದು ಒಂದು ಸಮಾಧಾನ. ವೀಸಾ ಹಿಡಿದು ಹೊಸದಾಗಿ ಬಂದ ಕುಟುಂಬಗಳು ಮೊದಲ ಕೆಲವು ವರ್ಷ ಇರುವುದು ಹೆಚ್ಚಾಗಿ ಇಂಥ ಕಡೆಯೇ. ಹಾಗಾಗಿ ಯಾವ ಊರಿನಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಏಳುತ್ತಿವೆ ಎನ್ನುವುದು ರಿಯಲ್ ಎಸ್ಟೇಟ್ ಕಂಪನಿಗಳ ವ್ಯವಹಾರ ಎಂದು ನಾವು ಸುಮ್ಮನಿರುವಂತಿಲ್ಲ.

ಐವತ್ತು ವರ್ಷದ ಬಳಿಕ ಬಂದ ಸುಗ್ಗಿ

ಎಷ್ಟು ಮನೆಗಳಿಗೆ ಪರವಾನಗಿ ಸಿಕ್ಕಿತು, ಎಷ್ಟು ಮನೆಗಳ ಕೆಲಸ ಶುರುವಾಯಿತು, ಎಷ್ಟು ಮುಗಿದವು ಎಂಬ ಲೆಕ್ಕವನ್ನು ಅಮೆರಿಕದ ಜನಗಣತಿ ಇಲಾಖೆ ತಿಂಗಳು ತಿಂಗಳು ಪ್ರಕಟಿಸುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಮನೆಗಳಿರುವ ಕಟ್ಟಡಗಳನ್ನೇ ನೋಡಿದರೆ, 2023ರ ಮಧ್ಯದಲ್ಲಿ ದೇಶದಾದ್ಯಂತ ಸುಮಾರು 10 ಲಕ್ಷ ಮನೆಗಳು ಕಟ್ಟುವ ಹಂತದಲ್ಲಿದ್ದವು. 2024ರ ಒಂದೇ ವರ್ಷದಲ್ಲಿ ಸುಮಾರು 6 ಲಕ್ಷ ಮನೆಗಳು ಮುಗಿದು ಬಾಡಿಗೆಗೆ ಬಂದವು. 1970ರ ದಶಕದ ಬಳಿಕ ಒಂದು ವರ್ಷದಲ್ಲಿ ಇಷ್ಟು ಮುಗಿದದ್ದಿಲ್ಲ.

ಇದರ ಬೀಜ ಬಿತ್ತಿದ್ದು ಕೋವಿಡ್ ಕಾಲದಲ್ಲಿ. 2020ರಿಂದ 2022ರ ಮಾರ್ಚ್‌ವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರ ಇಟ್ಟಿತ್ತು. ಮನೆಯಿಂದಲೇ ಕೆಲಸ ಎಂದಾದ ಮೇಲೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನವರು ಗಂಟುಮೂಟೆ ಕಟ್ಟಿಕೊಂಡು ಟೆಕ್ಸಸ್, ಅರಿಜೋನಾ, ಫ್ಲಾರಿಡಾ, ಉತ್ತರ ಕೆರೊಲಿನಾ ಕಡೆಗೆ ಹೊರಟರು. ಅಲ್ಲಿ ಬಾಡಿಗೆ ದಿಢೀರನೆ ಏರಿತು. ಬಡ್ಡಿ ಅಗ್ಗ, ಬಾಡಿಗೆ ದುಬಾರಿ. ಬಿಲ್ಡರ್‌ಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕೇ? ಎಲ್ಲರೂ ಒಟ್ಟಿಗೆ ಪಾಯ ತೆಗೆದರು.

ಮುಂದಿನದು ಕೋಲಾರದ ರೈತರಿಗೆ ಗೊತ್ತಿಲ್ಲದ ಕಥೆಯೇನಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಆ ಬೆಲೆ ನೋಡಿ ನಾಟಿ ಮಾಡಿದವರ ಫಸಲು ಬರುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಟೊಮೆಟೊಗೆ ಮೂರು ತಿಂಗಳು ಬೇಕಾದರೆ ಮುನ್ನೂರು ಮನೆಗಳ ಅಪಾರ್ಟ್‌ಮೆಂಟ್‌ಗೆ ಎರಡು, ಎರಡೂವರೆ ವರ್ಷ ಬೇಕು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿ, 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಹೋಯಿತು. ಹೊಸ ಸಾಲ ಹುಟ್ಟುವುದು ಕಷ್ಟವಾಯಿತು. ಆದರೆ ಅರ್ಧ ಎದ್ದ ಕಟ್ಟಡವನ್ನು ಬಿಟ್ಟು ಹೋಗುವಂತಿಲ್ಲ. ಬಿಟ್ಟರೆ ಸಾಲವೂ ಮುಳುಗಿತು, ಹೂಡಿಕೆಯೂ ಮುಳುಗಿತು. ಬಾಡಿಗೆ ಇಳಿಯುವುದು ಕಣ್ಣಿಗೆ ಕಾಣುತ್ತಿದ್ದರೂ ಎಲ್ಲರೂ ಕಟ್ಟಿ ಮುಗಿಸಿದರು. ಆ ಫಸಲೇ 2024 ಮತ್ತು 2025ರಲ್ಲಿ ಮಾರುಕಟ್ಟೆಗೆ ಬಂದದ್ದು. 2025ರ ಕೊನೆಯ ಹೊತ್ತಿಗೆ ಬಾಡಿಗೆ ಮಾಹಿತಿ ಕಲೆಹಾಕುವ ಅಪಾರ್ಟ್‌ಮೆಂಟ್ ಲಿಸ್ಟ್ ಸಂಸ್ಥೆಯ ಲೆಕ್ಕದಲ್ಲಿ ದೇಶದಾದ್ಯಂತ ಖಾಲಿ ಮನೆಗಳ ಪ್ರಮಾಣ ಶೇ 7 ದಾಟಿತ್ತು.

ಆದರೆ ದೇಶದ ಸರಾಸರಿ ಯಾರ ಮನೆಯ ಬಾಡಿಗೆಯೂ ಅಲ್ಲ. ಊರೂರಿಗೆ ಕಥೆ ಬೇರೆ.

ಸಂಖ್ಯೆ ಒಂದೇ, ತೂಕ ಬೇರೆ

2024ರಲ್ಲಿ ಯಾವ ಮಹಾನಗರ ಪ್ರದೇಶದಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಮನೆಗಳು ಮುಗಿಯಬಹುದು ಎಂದು ಬಾಡಿಗೆ ಮಾರುಕಟ್ಟೆಯ ಸಂಸ್ಥೆಗಳು ಮಾಡಿದ್ದ ಅಂದಾಜಿನಲ್ಲಿ ಮೊದಲ ಮೂರು ಸ್ಥಾನ ನ್ಯೂಯಾರ್ಕ್, ಡಲ್ಲಾಸ್ ಮತ್ತು ಆಸ್ಟಿನ್‌ಗೆ. ಮೂರರದ್ದೂ 32ರಿಂದ 33 ಸಾವಿರದ ಆಸುಪಾಸು. ಪತ್ರಿಕೆಗಳಲ್ಲಿ ಇದು ಓಟದ ಪಂದ್ಯದಂತೆ ಬಂತು: ನ್ಯೂಯಾರ್ಕ್ ಪ್ರಥಮ, ಡಲ್ಲಾಸ್ ದ್ವಿತೀಯ!

ಲೆಕ್ಕ ಬಲ್ಲವರು ಇಂಥ ಪಟ್ಟಿ ಕಂಡ ಕೂಡಲೇ ಕೇಳಬೇಕಾದದ್ದು, ಭಾಗಿಸಬೇಕಾದ್ದು ಯಾವುದರಿಂದ ಎಂದು. ನ್ಯೂಯಾರ್ಕ್ ಮಹಾನಗರ ಪ್ರದೇಶದ ಜನಸಂಖ್ಯೆ, ನ್ಯೂಜೆರ್ಸಿಯ ಭಾಗವೂ ಸೇರಿ, ಎರಡು ಕೋಟಿಗೆ ಸ್ವಲ್ಪವೇ ಕಡಿಮೆ. ಡಲ್ಲಾಸ್–ಫೋರ್ಟ್‌ವರ್ತ್‌ನದು ಸುಮಾರು 83 ಲಕ್ಷ. ಆಸ್ಟಿನ್‌ನದು 25 ಲಕ್ಷ. ಸಾವಿರ ಜನರಿಗೆ ಎಷ್ಟು ಹೊಸ ಮನೆ ಎಂದು ನೋಡಿದರೆ ನ್ಯೂಯಾರ್ಕ್‌ನಲ್ಲಿ ಎರಡೂ ಇಲ್ಲ, ಡಲ್ಲಾಸ್‌ನಲ್ಲಿ ನಾಲ್ಕು, ಆಸ್ಟಿನ್‌ನಲ್ಲಿ ಹದಿಮೂರರ ಹತ್ತಿರ. ಸಮುದ್ರಕ್ಕೆ ಒಂದು ಟ್ಯಾಂಕರ್ ನೀರು ಸುರಿಯುವುದಕ್ಕೂ ಅದೇ ಟ್ಯಾಂಕರನ್ನು ಊರ ಕಲ್ಯಾಣಿಗೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಪರಿಣಾಮವೂ ಅದೇ ಕ್ರಮದಲ್ಲಿದೆ. ಆಸ್ಟಿನ್‌ನಲ್ಲಿ ಬಾಡಿಗೆ ಅದರ ಉತ್ತುಂಗದಿಂದ ಸುಮಾರು ಐದನೇ ಒಂದು ಭಾಗ ಇಳಿದಿದೆ. ಕಂಪನಿಗಳು ಅಲ್ಲಿಂದ ಓಡಿಹೋಗಿಲ್ಲ, ಜನ ಬರುವುದೂ ನಿಂತಿಲ್ಲ. ಜನಸಂಖ್ಯೆ ಏರುತ್ತಿರುವ ಊರಿನಲ್ಲೇ ಬಾಡಿಗೆ ಇಳಿಯಿತು ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ನಾವಿರುವ ಡಲ್ಲಾಸ್ ಕಡೆ ಇಳಿಕೆ ಅಷ್ಟಿಲ್ಲ. ಆದರೂ ಇರ್ವಿಂಗ್‌ನ ಲಾಸ್ ಕೊಲಿನಾಸ್‌ನಿಂದ ಫ್ರಿಸ್ಕೊವರೆಗೆ ‘ಆರು ವಾರ ಬಾಡಿಗೆ ಉಚಿತ’ ಎಂಬ ಬ್ಯಾನರ್ ಕಾಣದ ರಸ್ತೆ ಅಪರೂಪ. ನ್ಯೂಯಾರ್ಕ್‌ನಲ್ಲಿ ಮಾತ್ರ ಇಂಥ ಬ್ಯಾನರ್ ಹುಡುಕಿಕೊಂಡು ಹೋಗಬೇಕು. 2023ರಲ್ಲಿ ಆ ನಗರ ನಡೆಸಿದ ಸಮೀಕ್ಷೆಯಲ್ಲಿ ಖಾಲಿ ಇದ್ದ ಬಾಡಿಗೆ ಮನೆ ಕೇವಲ ಶೇ 1.41. 1968ರ ಬಳಿಕ ಅತಿ ಕಡಿಮೆ. ಮ್ಯಾನ್‌ಹ್ಯಾಟನ್‌ನ ಮಧ್ಯಮ ಬಾಡಿಗೆ 4 ಸಾವಿರ ಡಾಲರ್ ದಾಟಿ ವರ್ಷಗಳೇ ಆದವು.

ನ್ಯೂಯಾರ್ಕ್ ಯಾಕೆ ಹೀಗೆ? ಜಾಗವಿಲ್ಲ ಎನ್ನುವುದು ಪೂರ್ತಿ ಉತ್ತರವಲ್ಲ. ಅಲ್ಲಿ ಬಾಡಿಗೆ ಕಟ್ಟಡ ಕಟ್ಟುವವರು ದಶಕಗಳ ಕಾಲ ನೆಚ್ಚಿಕೊಂಡಿದ್ದ 421–ಎ ಎಂಬ ಆಸ್ತಿ ತೆರಿಗೆ ವಿನಾಯಿತಿ 2022ರ ಜೂನ್‌ನಲ್ಲಿ ಮುಗಿದುಹೋಯಿತು. ಅದರ ಜಾಗಕ್ಕೆ 485–ಎಕ್ಸ್ ಬಂದದ್ದು 2024ರ ಏಪ್ರಿಲ್‌ನಲ್ಲಿ. ನಡುವೆ ಸುಮಾರು ಎರಡು ವರ್ಷ ಬಿಲ್ಡರ್‌ಗಳು ಹೊಸದಕ್ಕೆ ಕೈ ಹಾಕಲು ಹಿಂದೆ ಮುಂದೆ ನೋಡಿದರು. ವಲಯ ನಿಯಮ ಸಡಿಲಿಸುವ ‘ಸಿಟಿ ಆಫ್ ಯೆಸ್’ ಯೋಜನೆಗೆ ನಗರಸಭೆ ಒಪ್ಪಿಗೆ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ. ಅದರ ಫಲ ಕಣ್ಣಿಗೆ ಕಾಣಲು ಇನ್ನೂ ವರ್ಷಗಳು ಬೇಕು. 2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ಮೇಯರ್ ಚುನಾವಣೆ ಗೆದ್ದದ್ದರಲ್ಲಿ, ನಿಯಂತ್ರಿತ ಬಾಡಿಗೆಯ ಸುಮಾರು 10 ಲಕ್ಷ ಮನೆಗಳಲ್ಲಿ ಬಾಡಿಗೆ ಏರಿಸಲು ಬಿಡುವುದಿಲ್ಲ ಎಂಬ ಭರವಸೆಯ ಪಾತ್ರ ದೊಡ್ಡದು. ಈಗಾಗಲೇ ಅಂಥ ಮನೆಗಳಲ್ಲಿರುವವರಿಗೆ ಅದು ಒಳ್ಳೆಯದೇ. ಆದರೆ ಬೆಂಗಳೂರಿನಿಂದ ನೇರ ಬಂದಿಳಿದ ನಮ್ಮ ಹುಡುಗರಿಗೆ ಅಂಥ ಮನೆ ಸಿಗುವುದೇ ದುರ್ಲಭ. ಒಮ್ಮೆ ಸಿಕ್ಕವರು ಬಿಡುವುದಿಲ್ಲವಲ್ಲ.

ಆ ಪ್ರದೇಶದಲ್ಲಿ ನಮ್ಮವರಿಗೆ ನೆರವಾಗಿರುವುದು ಹಡ್ಸನ್ ನದಿಯಾಚೆಯ ಜೆರ್ಸಿ ಸಿಟಿ. ಭಾರತೀಯ ಅಂಗಡಿಗಳ ಸಾಲಿರುವ ಜರ್ನಲ್ ಸ್ಕ್ವೇರ್ ಸುತ್ತ ಕೆಲವೇ ವರ್ಷಗಳಲ್ಲಿ ಗೋಪುರದಂಥ ಕಟ್ಟಡಗಳು ಎದ್ದಿವೆ. ಪ್ಯಾತ್ ರೈಲು ಹತ್ತಿದರೆ ಮ್ಯಾನ್‌ಹ್ಯಾಟನ್ ಹತ್ತಿರ. ಬಾಡಿಗೆ ಅಗ್ಗವೇನಲ್ಲ. ಆದರೆ ಅಷ್ಟೂ ಮನೆಗಳು ಅಲ್ಲಿ ಏಳದಿದ್ದರೆ ಎಡಿಸನ್‌ವರೆಗೂ ಬಾಡಿಗೆಯ ಬಿಸಿ ಇನ್ನಷ್ಟು ಹಬ್ಬುತ್ತಿತ್ತು.

ಪರವಾನಗಿಗೆ 600 ದಿನ

ಕ್ಯಾಲಿಫೋರ್ನಿಯಾದ ಮಾತು ಬಂದರೆ ನಮ್ಮಲ್ಲಿ ಅನೇಕರಿಗೆ ನಮ್ಮೂರ ಕಚೇರಿಗಳೇ ವಾಸಿ ಎನಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಬಗ್ಗೆ ಆ ರಾಜ್ಯದ ವಸತಿ ಇಲಾಖೆಯೇ 2023ರಲ್ಲಿ ವರದಿ ಕೊಟ್ಟಿತು. ಒಂದು ವಸತಿ ಯೋಜನೆಗೆ ನಗರದ ಮಂಜೂರಾತಿ ಸಿಗಲು ಸರಾಸರಿ 523 ದಿನ, ಅದರ ಮೇಲೆ ಕಟ್ಟಡ ಪರವಾನಗಿಗೆ ಸರಾಸರಿ 605 ದಿನ. ಅಂದರೆ ಮೂರು ವರ್ಷ ಕಾಗದದಲ್ಲೇ ಕಳೆಯಿತು. ಅಷ್ಟರಲ್ಲಿ ಆಸ್ಟಿನ್‌ನಲ್ಲಿ ಕಟ್ಟಡ ಎದ್ದು, ಬಾಡಿಗೆದಾರರು ಬಂದು, ಮೊದಲ ವರ್ಷದ ಕರಾರು ನವೀಕರಣಕ್ಕೆ ಬಂದಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ 2023ರಿಂದ 2031ರ ನಡುವೆ 82 ಸಾವಿರ ಮನೆಗಳಿಗೆ ದಾರಿ ಮಾಡಿಕೊಡಬೇಕೆಂದು ರಾಜ್ಯ ಗುರಿ ನಿಗದಿ ಮಾಡಿದೆ. ಆ ವೇಗದ ಹತ್ತಿರಕ್ಕೂ ನಗರ ಹೋಗಿಲ್ಲ.

1970ರ ಪರಿಸರ ಕಾಯ್ದೆಯೊಂದನ್ನು ಹಿಡಿದು ನೆರೆಹೊರೆಯವರು ಅಪಾರ್ಟ್‌ಮೆಂಟ್‌ಗಳ ವಿರುದ್ಧ ಕೋರ್ಟಿಗೆ ಹೋಗುವುದು ಅಲ್ಲಿ ಮಾಮೂಲಾಗಿತ್ತು. ಹೆಸರು ಪರಿಸರದ್ದು, ಚಿಂತೆ ಹಲವು ಸಲ ಪಕ್ಕದ ರಸ್ತೆಯ ಪಾರ್ಕಿಂಗ್‌ನದ್ದು. ಗವರ್ನರ್ ಗ್ಯಾವಿನ್ ನ್ಯೂಸಮ್ 2025ರ ಜೂನ್ 30ರಂದು ಸಹಿ ಹಾಕಿದ ಕಾನೂನು, ನಗರದೊಳಗೆ ಕಟ್ಟುವ ಬಹುತೇಕ ವಸತಿ ಯೋಜನೆಗಳನ್ನು ಆ ಕಾಯ್ದೆಯ ಪರಿಶೀಲನೆಯಿಂದ ಹೊರಗಿಟ್ಟಿತು. ಅಕ್ಟೋಬರ್‌ನಲ್ಲಿ ಇನ್ನೊಂದು ಕಾನೂನು ದೊಡ್ಡ ಊರುಗಳ ರೈಲು, ಬಸ್ ನಿಲ್ದಾಣಗಳ ಸುತ್ತ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಟ್ಟಿತು. ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಇವತ್ತು ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಮನೆ ಹುಡುಕುತ್ತಿರುವವರಿಗೆ ಅದರಿಂದ ಏನೂ ಆಗದು. ಅತ್ತ ಕೃತಕ ಬುದ್ಧಿಮತ್ತೆಯ ಕಂಪನಿಗಳ ಹಣ ಹರಿದು ಬರುತ್ತಿದೆ, ಇತ್ತ ಹೊಸ ಮನೆಗಳಿಲ್ಲ. 2025ರಲ್ಲಿ ದೇಶದ ದೊಡ್ಡ ನಗರಗಳ ಪೈಕಿ ಬಾಡಿಗೆ ಅತಿ ವೇಗವಾಗಿ ಏರಿದ ಊರುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ್ದು ಹೀಗೆ.

ಟೆಕ್ಸಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ನೆಲ ಸಮತಟ್ಟು, ಊರು ಸುತ್ತಲೂ ಹಬ್ಬಲು ಬೆಟ್ಟವೂ ಅಡ್ಡವಿಲ್ಲ, ಸಮುದ್ರವೂ ಅಡ್ಡವಿಲ್ಲ. ಹ್ಯೂಸ್ಟನ್‌ನಲ್ಲಂತೂ ವಲಯ ನಿಯಮವೇ ಇಲ್ಲ. ಆಸ್ಟಿನ್ ನಗರ 2023ರ ನವೆಂಬರ್‌ನಲ್ಲಿ, ಇಷ್ಟು ಮನೆಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮವನ್ನು ಊರಿಡೀ ತೆಗೆದುಹಾಕಿತು. ಮರುತಿಂಗಳೇ ಒಂದು ಮನೆಯ ಸೈಟಿನಲ್ಲಿ ಮೂರು ಮನೆ ಕಟ್ಟಲು ಬಿಟ್ಟಿತು. ಕಟ್ಟುವ ರೀತಿಯೂ ಬೇರೆ. ಕೆಳಗೆ ಕಾಂಕ್ರೀಟ್, ಮೇಲೆ ನಾಲ್ಕೈದು ಅಂತಸ್ತು ಮರದ ಚೌಕಟ್ಟು. ಊರಿಂದ ಬಂದ ಹಿರಿಯರು ಗೋಡೆ ತಟ್ಟಿ ನೋಡಿ, ‘ಇದೇನು, ಡಬ್ಬದ ಹಾಗೆ ಸದ್ದು ಮಾಡುತ್ತೆ’ ಎಂದು ಮುಖ ಸಿಂಡರಿಸುವುದುಂಟು. ಆ ಡಬ್ಬದ ಗೋಡೆಯೇ ಬಾಡಿಗೆಯನ್ನು ಹಿಡಿತದಲ್ಲಿಟ್ಟಿದೆ ಎಂದು ನಾವು ಅವರಿಗೆ ಹೇಳುವುದುಂಟು.

ಉಳಿದ ಊರುಗಳ ಬಗ್ಗೆ ಎರಡೇ ಮಾತು. ಫೀನಿಕ್ಸ್, ಅಟ್ಲಾಂಟ, ಷಾರ್ಲೆಟ್, ರ‍್ಯಾಲಿ, ನ್ಯಾಶ್‌ವಿಲ್ ಎಲ್ಲ ಟೆಕ್ಸಸ್ ಗುಂಪಿನವೇ. ಷಿಕಾಗೊ, ಬಾಸ್ಟನ್ ಇನ್ನೊಂದು ಗುಂಪು. ಷಿಕಾಗೊದಲ್ಲಿ ಜನಸಂಖ್ಯೆ ಜಿಗಿದಿಲ್ಲ, ಆದರೆ ಹೊಸ ಕಟ್ಟಡಗಳು ತೀರಾ ಕಡಿಮೆ ಎಂಬ ಒಂದೇ ಕಾರಣಕ್ಕೆ 2025ರಲ್ಲಿ ಬಾಡಿಗೆ ಏರಿತು. ಮಿನ್ನಿಯಾಪೊಲಿಸ್ ಮಾತ್ರ ಈ ಗುಂಪುಗಳ ಲೆಕ್ಕ ತಪ್ಪಿಸುತ್ತದೆ. ಚಳಿ ಪ್ರದೇಶ, ಹಳೆಯ ಊರು. ಆದರೂ ನಿಯಮ ಸಡಿಲಿಸಿ ಕಟ್ಟಲು ಬಿಟ್ಟಿತು. ಪ್ಯೂ ಸಂಸ್ಥೆಯ ಅಧ್ಯಯನದ ಪ್ರಕಾರ 2017ರಿಂದ 2022ರ ನಡುವೆ ಅಲ್ಲಿ ಮನೆಗಳ ಸಂಖ್ಯೆ ಶೇ 12ರಷ್ಟು ಹೆಚ್ಚಿತು, ಬಾಡಿಗೆ ಏರಿದ್ದು ಶೇ 1 ಮಾತ್ರ. ಅದೇ ರಾಜ್ಯದ ಉಳಿದೆಡೆ ಬಾಡಿಗೆ ಶೇ 14ರಷ್ಟು ಏರಿತ್ತು. ಹಾಗಾಗಿ ಇದು ಬಿಸಿಲ ನಾಡು, ಚಳಿ ನಾಡಿನ ಪ್ರಶ್ನೆಯಲ್ಲ. ಕಟ್ಟಲು ಬಿಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ.

ಸಂಬಳದ ಚೀಟಿ ಹೇಳದ ಲೆಕ್ಕ

ಈಗ ಮನೆಯ ಲೆಕ್ಕಕ್ಕೆ ಬರೋಣ. ಒಬ್ಬರಿಗಷ್ಟೇ ಕೆಲಸ, ಎಚ್–4 ವೀಸಾದಲ್ಲಿರುವ ಸಂಗಾತಿಗೆ ಕೆಲಸದ ಅನುಮತಿ ಇಲ್ಲ, ಹೀಗಿರುವ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಸನ್ನಿವೇಲ್‌ನಲ್ಲಿ ವರ್ಷಕ್ಕೆ 1.60 ಲಕ್ಷ ಡಾಲರ್ ಸಂಬಳ, ಆಸ್ಟಿನ್‌ನಲ್ಲಿ 1.30 ಲಕ್ಷ. ಊರಿನಲ್ಲಿ ಯಾರನ್ನು ಕೇಳಿದರೂ ಸನ್ನಿವೇಲ್ ಎನ್ನುತ್ತಾರೆ. 30 ಸಾವಿರ ಡಾಲರ್ ಎಂದರೆ ಈಗಿನ ದರದಲ್ಲಿ ಸುಮಾರು 27 ಲಕ್ಷ ರೂಪಾಯಿ, ಸಣ್ಣ ಮಾತೇ?

ಆ 30 ಸಾವಿರದಲ್ಲಿ ಕೇಂದ್ರದ ಆದಾಯ ತೆರಿಗೆ ಮತ್ತು ಸೋಷಿಯಲ್ ಸೆಕ್ಯುರಿಟಿ ಕಡಿತಕ್ಕೆ ಸುಮಾರು 9 ಸಾವಿರ ಹೋಯಿತು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದೆ, ಅದೂ ಪೂರ್ತಿ 1.60 ಲಕ್ಷದ ಮೇಲೆ. ಇತರ ಕಡಿತವೂ ಸೇರಿ ಅದು ಸುಮಾರು 8,500. ಉಳಿದದ್ದು 12,500. ಇನ್ನು ಬಾಡಿಗೆ. ಎರಡು ಬೆಡ್‌ರೂಮಿಗೆ ಸನ್ನಿವೇಲ್‌ನಲ್ಲಿ ತಿಂಗಳಿಗೆ 4,000, ಆಸ್ಟಿನ್ ಉತ್ತರದ ಸೀಡರ್ ಪಾರ್ಕ್ ಕಡೆ 1,700 ಎಂದು ಹಿಡಿದರೆ ವರ್ಷಕ್ಕೆ 27,600 ಡಾಲರ್ ವ್ಯತ್ಯಾಸ. 30 ಸಾವಿರ ಹೆಚ್ಚು ಸಂಬಳ ಪಡೆದವರು ವರ್ಷದ ಕೊನೆಗೆ 15 ಸಾವಿರ ಡಾಲರ್ ಹಿಂದಿದ್ದಾರೆ. ರೂಪಾಯಿಯಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು.

ಇದರಲ್ಲಿ ಹೊಸ ಕಟ್ಟಡಗಳ ಪಾಲೆಷ್ಟು ಎನ್ನುವುದನ್ನೂ ನ್ಯಾಯವಾಗಿ ಹೇಳಬೇಕು. ಆಸ್ಟಿನ್ ಮೊದಲೂ ಕ್ಯಾಲಿಫೋರ್ನಿಯಾಕ್ಕಿಂತ ಅಗ್ಗವೇ. ಬಾಡಿಗೆ ಉತ್ತುಂಗದಲ್ಲಿದ್ದಾಗ ಅದೇ ಮನೆಗೆ 2,100ರ ಮೇಲೆ ಕೊಡಬೇಕಿತ್ತು ಎಂದುಕೊಂಡರೆ, ಈ ಸುಗ್ಗಿಯಿಂದ ಕೈಗೆ ಸಿಕ್ಕಿದ್ದು ವರ್ಷಕ್ಕೆ ಸುಮಾರು 5 ಸಾವಿರ ಡಾಲರ್. ಅಪ್ಪ ಅಮ್ಮ ಇಬ್ಬರೂ ಬಂದು ಹೋಗುವ ವಿಮಾನದ ಖರ್ಚು, ಅವರ ಪ್ರಯಾಣ ವಿಮೆ, ಒಂದು ಬೆಡ್‌ರೂಮಿನ ಬದಲು ಎರಡು ಬೆಡ್‌ರೂಮಿನ ಮನೆ, ಇಷ್ಟಕ್ಕೂ ಬಹುಪಾಲು ಸಾಕಾಗುವ ಮೊತ್ತ ಅದು.

ಹಾಗಂತ ಎಲ್ಲರೂ ಟೆಕ್ಸಸ್‌ಗೆ ಬನ್ನಿ ಎಂದು ನಾವು ಹೇಳುವುದಿಲ್ಲ. ಇಲ್ಲಿ ಎರಡನೇ ಕಾರಿಲ್ಲದೆ ಸಂಸಾರ ನಡೆಯದು, ಬೇಸಿಗೆಯಲ್ಲಿ ಎ.ಸಿ.ಯ ವಿದ್ಯುತ್ ಬಿಲ್ ನೋಡಿದರೆ ಇನ್ನೂ ಸೆಖೆಯಾಗುತ್ತದೆ. ಬೇ ಏರಿಯಾದಲ್ಲಿ ಕಂಪನಿಯ ಷೇರು ಸಿಗುವ ಕೆಲಸವಾದರೆ ಮೇಲಿನ ಲೆಕ್ಕವೇ ತಲೆಕೆಳಗು. ಒಂದು ಕೆಲಸ ಹೋದರೆ ಅದೇ ಬೀದಿಯಲ್ಲಿ ಇನ್ನೊಂದು ಸಿಗುವ ಊರು ಅದು. ವೀಸಾದ ಮೇಲಿರುವವರಿಗೆ ಅದರ ಬೆಲೆಯನ್ನು ಡಾಲರ್‌ನಲ್ಲಿ ಬರೆಯುವುದು ಕಷ್ಟ.

ಉಚಿತ ತಿಂಗಳ ಮರ್ಮ

ಊರಿನಲ್ಲಿ ಖಾಲಿ ಮನೆ ಹೆಚ್ಚಿದಾಗ ಮಾಲೀಕ ಬಾಡಿಗೆ ಇಳಿಸುತ್ತಾನೆ. ಅಮೆರಿಕದ ಅಪಾರ್ಟ್‌ಮೆಂಟ್ ಕಂಪನಿ ಹಾಗೆ ಮಾಡಲು ಹಿಂಜರಿಯುತ್ತದೆ. ಬಾಡಿಗೆಯನ್ನು ಕಾಗದದ ಮೇಲೆ ಅಷ್ಟೇ ಇಟ್ಟು, ಎರಡು ತಿಂಗಳು ಉಚಿತ ಎನ್ನುತ್ತದೆ. ಯಾಕೆ? ಇಲ್ಲಿ ಕಟ್ಟಡದ ಬೆಲೆ ಕಟ್ಟುವುದು ಅದರ ಬಾಡಿಗೆ ಆದಾಯದ ಮೇಲೆ. 300 ಮನೆಗಳ ಕಟ್ಟಡದಲ್ಲಿ ಮನೆಗೆ 100 ಡಾಲರ್ ಇಳಿಸಿದರೆ ವರ್ಷಕ್ಕೆ 3.6 ಲಕ್ಷ ಡಾಲರ್ ಆದಾಯ ಖೋತಾ. ಹೂಡಿಕೆದಾರರು ಶೇ 5ರ ಪ್ರತಿಫಲದ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಕಟ್ಟಡದ ಮೌಲ್ಯವೇ 72 ಲಕ್ಷ ಡಾಲರ್ ಇಳಿಯುತ್ತದೆ. ಸಾಲ ಕೊಟ್ಟ ಬ್ಯಾಂಕ್ ಕಣ್ಣು ಕೆಂಪಗೆ ಮಾಡುತ್ತದೆ. ಉಚಿತ ತಿಂಗಳಾದರೆ ಅದು ಒಂದು ಸಲದ ರಿಯಾಯಿತಿ, ಕರಾರಿನಲ್ಲಿ ಬಾಡಿಗೆ ಹಾಗೇ ನಿಂತಿರುತ್ತದೆ.

ಇದರ ಬಿಸಿ ತಟ್ಟುವುದು ಎರಡನೇ ವರ್ಷ. ತಿಂಗಳಿಗೆ 1,800 ಡಾಲರ್ ಬಾಡಿಗೆ, 12 ತಿಂಗಳ ಕರಾರು, ಎರಡು ತಿಂಗಳು ಉಚಿತ ಎಂದಾದರೆ ವರ್ಷಕ್ಕೆ ಕೊಟ್ಟದ್ದು 18 ಸಾವಿರ. ನಿಜವಾದ ಬಾಡಿಗೆ ತಿಂಗಳಿಗೆ 1,500. ನವೀಕರಣದ ಪತ್ರ ಬರುತ್ತದೆ: ‘ಬರೀ 50 ಡಾಲರ್ ಏರಿಕೆ, 1,850.’ ನಿಜಕ್ಕೂ ಏರಿದ್ದು 350. ಶೇ 23! ಪ್ರತಿ ವರ್ಷ ತೆರಿಗೆ ಕಾಲದಲ್ಲಿ ಮನೆಯ ಲೆಕ್ಕವನ್ನೂ ಹಿಡಿದು ಕೂರುವ ಹುಡುಗರಲ್ಲಿ ಎಷ್ಟೋ ಮಂದಿ, ಸಂಬಳ ಏರಿದರೂ ಉಳಿತಾಯ ಯಾಕೆ ಇಳಿಯಿತು ಎಂದು ತಲೆ ಕೆರೆದುಕೊಳ್ಳುವುದು ಇಲ್ಲೇ. ಇದರ ಜತೆಗೆ ಬಾಗಿಲ ಬಳಿಯಿಂದ ಕಸ ಒಯ್ಯುವುದಕ್ಕೆ, ಪಾರ್ಕಿಂಗ್‌ಗೆ, ಜಿಮ್ಮಿಗೆ, ಕೀಟ ನಿಯಂತ್ರಣಕ್ಕೆ ಎಂದು ತಿಂಗಳಿಗೆ ಪ್ರತ್ಯೇಕ ಶುಲ್ಕ. ಇವಕ್ಕೆ ಉಚಿತ ತಿಂಗಳಿಲ್ಲ.

ಇದಕ್ಕಿರುವ ಉಪಾಯ ಸರಳ, ಆದರೆ ಮೈ ಬಗ್ಗಿಸಬೇಕು. ಪಕ್ಕದಲ್ಲೇ ಎದ್ದ ಹೊಸ ಸಮುಚ್ಚಯದ ದರ ತಂದು ಇವರ ಮುಂದಿಡಬೇಕು. ಒಪ್ಪದಿದ್ದರೆ ಪೆಟ್ಟಿಗೆ ಕಟ್ಟಬೇಕು. ಹೊಸ ಕಟ್ಟಡಗಳು ಹೆಚ್ಚಿರುವ ಊರಿನಲ್ಲಿ ಬಾಡಿಗೆದಾರನಿಗೆ ಈ ಮಾತಿನ ಬಲ ಇದೆ. ಮ್ಯಾನ್‌ಹ್ಯಾಟನ್‌ನಲ್ಲಿ ಇದೇ ಮಾತು ಆಡಿದರೆ ‘ಹೋಗಿ ಬನ್ನಿ’ ಎನ್ನುತ್ತಾರೆ, ಅಷ್ಟೇ.

ಮಕ್ಕಳು ಪದೇ ಪದೇ ಮನೆ ಬದಲಿಸುತ್ತಾರೆ, ಒಂದು ಕಡೆ ನೆಲೆ ನಿಲ್ಲುವುದಿಲ್ಲ, ಇನ್ನೂ ಸ್ವಂತ ಮನೆ ಕೊಂಡಿಲ್ಲ ಎಂದು ಊರಿನಲ್ಲಿ ಬೇಸರಪಡುವ ಹಿರಿಯರಿದ್ದಾರೆ. ಗ್ರೀನ್ ಕಾರ್ಡ್ ಎಂದು ಬರುತ್ತದೋ ತಿಳಿಯದವರು ಈ ಊರುಗಳಲ್ಲಿ ಈಗ ಬಾಡಿಗೆಗೆ ಇರುವುದನ್ನು ನಾವಂತೂ ತಪ್ಪೆನ್ನುವುದಿಲ್ಲ. ಟೆಕ್ಸಸ್‌ನಲ್ಲಿ ಆದಾಯ ತೆರಿಗೆ ಇಲ್ಲದಿದ್ದರೂ ಆಸ್ತಿ ತೆರಿಗೆ ಕಿತ್ತು ತಿನ್ನುತ್ತದೆ. ಮನೆ ಸಾಲದ ಬಡ್ಡಿ 2021ರ ಶೇ 3ರ ಆಸುಪಾಸಿನಿಂದ ಎರಡು ಪಟ್ಟಾಗಿದೆ.

ಸುಗ್ಗಿ ಮುಗಿದ ಮೇಲೆ

ಈ ಅಗ್ಗದ ಕಾಲ ಹೀಗೇ ಇರುವುದಿಲ್ಲ ಎನ್ನಲು ಕಾರಣ ಜನಗಣತಿ ಇಲಾಖೆಯ ಅದೇ ಅಂಕಿಗಳಲ್ಲಿದೆ. 2022ರಲ್ಲಿ ಬಹುಮನೆಗಳ ಕಟ್ಟಡಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಶುರುವಾಗಿತ್ತು. 2024ರಲ್ಲಿ ಅದು ಸುಮಾರು 3.5 ಲಕ್ಷಕ್ಕೆ ಇಳಿಯಿತು. 2024ರಲ್ಲಿ ಶುರುವಾಗದೇ ಉಳಿದದ್ದು 2026, 2027ರಲ್ಲಿ ಬಾಡಿಗೆಗೆ ಬರುವುದಿಲ್ಲ. ಅತಿ ಹೆಚ್ಚು ಕಟ್ಟಿದ ಊರುಗಳಲ್ಲೇ ಈಗ ಹೊಸ ಕೆಲಸ ಹೆಚ್ಚು ಕುಗ್ಗಿದೆ. ಫೆಡರಲ್ ರಿಸರ್ವ್ 2024ರ ಸೆಪ್ಟೆಂಬರ್‌ನಿಂದ ಬಡ್ಡಿ ಇಳಿಸುತ್ತ ಬಂದು, 2025ರ ಡಿಸೆಂಬರ್‌ನಲ್ಲಿ ಶೇ 3.50–3.75ಕ್ಕೆ ತಂದಿದೆ. ಆದರೆ ಉಕ್ಕಿನ ಮೇಲೆ 2025ರ ಜೂನ್‌ನಿಂದ ಶೇ 50ರ ಆಮದು ಸುಂಕವಿದೆ. ವಲಸೆ ದಾಳಿಗಳ ಭಯದಿಂದ ಕಟ್ಟಡ ಕೆಲಸಕ್ಕೆ ಬರುವ ಕಾರ್ಮಿಕರೂ ಕಡಿಮೆಯಾಗಿದ್ದಾರೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬಾಡಿಗೆದಾರರಿದ್ದಾರೆ, ಅಂದರೆ ನಾವು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್–1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಆ ವರ್ಷ ಹೊಸದಾಗಿ ಸೇರಿದ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಶೇ 17ರಷ್ಟು ಕುಸಿಯಿತು. ಇರ್ವಿಂಗ್, ಪ್ಲೇನೊ, ಟೆಂಪಿ, ಜೆರ್ಸಿ ಸಿಟಿಯ ಅಪಾರ್ಟ್‌ಮೆಂಟ್‌ಗಳನ್ನು ತುಂಬುತ್ತಿದ್ದವರಲ್ಲಿ ಇಂಥವರ ಪಾಲು ಚಿಕ್ಕದಲ್ಲ. ಅವರ ಬರವು ಇಳಿದರೆ ಖಾಲಿ ಮನೆಗಳು ಇನ್ನಷ್ಟು ದಿನ ಖಾಲಿ ಉಳಿಯುತ್ತವೆ. ನಮ್ಮ ಅಂದಾಜು ಹೀಗಿದೆ: ಟೆಕ್ಸಸ್ ಗುಂಪಿನ ಊರುಗಳಲ್ಲಿ 2026ರ ಬಹುಪಾಲು ಬಾಡಿಗೆ ಮೆತ್ತಗೇ ಇದ್ದೀತು, 2027ರಲ್ಲಿ ಮೊದಲು ಉಚಿತ ತಿಂಗಳುಗಳು ಮಾಯವಾಗುತ್ತವೆ, ಬಾಡಿಗೆ ಏರುವುದು ಅದರ ಹಿಂದೆ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನಲ್ಲಿ ಇಳಿಕೆಯ ನಿರೀಕ್ಷೆ ಇಟ್ಟುಕೊಳ್ಳುವುದು ಬೇಡ.

ಹಾಗಾದರೆ ಈಗಲೇ ಕಡಿಮೆ ದರಕ್ಕೆ ಉದ್ದದ ಕರಾರು ಮಾಡಿಕೊಳ್ಳುವುದೇ ಜಾಣತನ ಎನಿಸಬಹುದು. ಹಲವು ಕಡೆ 15, 18 ತಿಂಗಳ ಕರಾರೂ ಸಿಗುತ್ತದೆ. ಆದರೆ ಎಚ್–1ಬಿಯಲ್ಲಿರುವವರಿಗೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇರುವುದು 60 ದಿನ. ನಡುವೆ ಕರಾರು ಮುರಿದರೆ ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆ ದಂಡ, ಕೆಲವು ಕಡೆ ಪಡೆದ ಉಚಿತ ತಿಂಗಳನ್ನೂ ವಾಪಸ್ ಕೇಳುತ್ತಾರೆ. ಕೆಲಸದ ಬಗ್ಗೆ ಸ್ವಲ್ಪ ಅನುಮಾನವಿದ್ದರೂ 12 ತಿಂಗಳ ಕರಾರೇ ಸಾಕು. ಮುರಿದರೆ ಏನು ಎಂಬ ಷರತ್ತನ್ನು ಸಹಿ ಹಾಕುವ ಮುನ್ನವೇ ಓದಿಕೊಳ್ಳಬೇಕು. ಅಪ್ಪ ಅಮ್ಮ ಐದಾರು ತಿಂಗಳು ಇರಲು ಬರುವುದಿದ್ದರೆ ಅದನ್ನೂ ಮೊದಲೇ ಕಚೇರಿಗೆ ತಿಳಿಸಿ, ಕಾಗದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಅತಿಥಿಗಳು ಎಷ್ಟು ದಿನ ಉಳಿಯಬಹುದು ಎಂಬ ಮಿತಿ ಬಹಳಷ್ಟು ಕರಾರುಗಳಲ್ಲಿ ಇರುತ್ತದೆ, ಅದು ಹಲವು ಕಡೆ ಎರಡೇ ವಾರ.